ರೆಕ್ಕೆಯ ಮೇಲೆ ಮುರುಗಲು

೩ ಮೇ ೧೯೬೪, ಸಂಜೆ

ಎಡ ರೆಕ್ಕೆಗೆ ಇವತ್ತು ಇಪ್ಪತ್ತೆಂಟು ರಿವೆಟ್. ಎರಡು ಓರೆ — ತೆಗೆದು ಮತ್ತೆ ಹೊಡೆದೆ. ಬಲ ರೆಕ್ಕೆ ಮುಗಿದು ಹಿತ್ತಲಲ್ಲಿ ಮಲಗಿದೆ. ಮುಂಬಯಿಯಲ್ಲಿ ಕಂಡವರ ವಿಮಾನ ರಿಪೇರಿ ಮಾಡಿದ್ದು ಸಾಕಾಗಿ, ಹೊನ್ನಾವರಕ್ಕೆ ಬಂದು ನನ್ನದೇ ಒಂದು ಶುರು ಮಾಡಿ ನಾಲ್ಕು ವರ್ಷ. ಒಂದೇ ಸೀಟು. ಹಾರಿಸಲು ದಿಲ್ಲಿಯ ಪರವಾನಗಿ ಇದೇ ೩೧ರವರೆಗೆ. ಆಮೇಲೆ ಮಳೆ, ಮತ್ತೆ ಅರ್ಜಿ, ಮತ್ತೆ ಕಾಯುವುದು... ಆಗದು. ಈ ತಿಂಗಳೇ.

೬ ಮೇ

ಬಲ ರೆಕ್ಕೆ ತರಲು ಹೋದೆ. ಅದರ ಮೇಲೆ ಉಪ್ಪು ಹಾಕಿ ಒಣಗಲು ಹರವಿದ ಮುರುಗಲು ಹಣ್ಣಿನ ಹುಳಿ ಸಿಪ್ಪೆ! ಬೇಲಿಯಾಚೆ ಮನೆಗೆ ಕೊಟ್ಟ ನಮ್ಮ ಗಣಪಿ ಅಕ್ಕನ ಕೆಲಸ. ಹೆಮ್ಮೆ ಬೇರೆ — "ಚಾಪೆ ಮೇಲಾದ್ರೆ ನಾಕು ದಿನ ಬೇಕು ತಮಾ. ನಿನ್ನ ತಗಡು ಚೊಲೋ ಕಾಯ್ತು, ಒಂದೇ ದಿನಕ್ಕೆ ಒಣಗ್ತು. ಹರವುಲೆ ಹಿಡ್ದು ಹದಿನೈದು ದಿನಾತು."

ಸಿಪ್ಪೆ ಸರಿಸಿದರೆ ಬಿಳಿ ಬೂದಿ. ಉಪ್ಪು, ಹುಳಿ ಸೇರಿ ಅಲ್ಯೂಮಿನಿಯಂ ತಿಂದುಹಾಕಿವೆ. ಉಗುರು ಒತ್ತಿದೆ — ತೂತು. ಬಾಯಿಗೆ ಬಂದಂತೆ ಬೈದೆ. ಅಕ್ಕ ಅತ್ತಳು. ನಾನೂ ಊಟ ಮಾಡಲಿಲ್ಲ.

೯ ಮೇ

ಸಿಟ್ಟು ಇಳಿದ ಮೇಲೆ ಸರಿಯಾಗಿ ನೋಡಿದೆ. ಕೆಟ್ಟದ್ದು ಒಂದು ಮೊಳ ಮಾತ್ರ, ಒಳಗಿನ ಹಂದರಕ್ಕೆ ಏನೂ ಆಗಿಲ್ಲ. ಕತ್ತರಿಸಿ ತೆಗೆದೆ. ಮೂಲೆ ದುಂಡಗೆ ಮಾಡಿದೆ — ಚೂಪಾಗಿ ಬಿಟ್ಟರೆ ಅಲ್ಲಿಂದಲೇ ಬಿರುಕು. ತೇಪೆಗೆ ಮುಂಬಯಿಯಿಂದ ತಂದ ತುಂಡು ಇದೆ. ತೊಂದರೆ ಒಂದೇ. ಹೊರಗಿಂದ ರಿವೆಟ್ ಹೊಡೆಯುವಾಗ ಒಳಗೆ ಕಬ್ಬಿಣದ ಗಟ್ಟಿ ಒತ್ತಿ ಹಿಡಿಯಬೇಕು. ಈಗ ಮುಚ್ಚಿಹೋದ ರೆಕ್ಕೆಯ ಕಂಡಿಯಲ್ಲಿ ನನ್ನ ಕೈ ಹೋಗದು.

ಬೇಲಿಯಾಚೆಯಿಂದ ನೋಡುತ್ತಿದ್ದ ಅಕ್ಕ ತಾನಾಗಿ ಬಂದಳು. ಬಳೆಗಳನ್ನು ಮೊಣಕೈಗೆ ಏರಿಸಿ ಬಟ್ಟೆ ಕಟ್ಟಿಕೊಂಡಳು. "ನನ್ನ ಕೈ ಹೋಗ್ತು ನೋಡು."

೧೭ ಮೇ

ಅರವತ್ತನಾಲ್ಕು ರಿವೆಟ್ ಮುಗಿಯಿತು. ನಲವತ್ತೊಂದನೆಯದಕ್ಕೆ ಅಕ್ಕ ಒಳಗೆ ಬೆರಳಾಡಿಸಿ, "ಇದು ಓರೆ ಆಜು ತಮಾ, ತೆಗಿ" ಎಂದಳು. ಹೊರಗಿಂದ ನನಗೆ ಸರಿಯಾಗೇ ಕಂಡಿತ್ತು. ತೆಗೆದು ನೋಡಿದರೆ ಅವಳು ಹೇಳಿದ್ದೇ ನಿಜ. ಇಬ್ಬರೂ ನಕ್ಕಿದ್ದೇ ನಕ್ಕಿದ್ದು. ಬೈದದ್ದು ತಪ್ಪಾಯಿತು ಎಂದೆ.

"ಆತು, ಮುಂದಿಂದು ಹೊಡಿ" ಎಂದಳು.

೨೯ ಮೇ

ಹಾರಿದೆ! ಅಂಬಿಗ ಈರನ ದೋಣಿಯಲ್ಲಿ ಒಡಲು, ರೆಕ್ಕೆ ಎಲ್ಲ ಹೊಳೆ ದಾಟಿಸಿ, ಕಾಸರಕೋಡಿನ ಮರಳಲ್ಲಿ ಜೋಡಿಸಿ, ಸಮುದ್ರದ ಇಳಿತಕ್ಕೆ ಕಾದು... ತೆಂಗಿನ ಮರದೆತ್ತರ, ಎರಡು ನಿಮಿಷ. ಬಲ ರೆಕ್ಕೆ ಅಲುಗಲಿಲ್ಲ. ಮೇಲೆ ಒಬ್ಬನೇ ಕೂಗಾಡಿದೆ. ಇಷ್ಟು ಸಂತೋಷ ಈ ಜನ್ಮದಲ್ಲಿ ಕಂಡಿರಲಿಲ್ಲ.

ಇಳಿದಾಗ ಅಕ್ಕ ಓಡಿ ಬಂದು ಮೊದಲು ಮುಟ್ಟಿದ್ದು ತೇಪೆಯನ್ನು, ನನ್ನನ್ನಲ್ಲ.

"ಗಟ್ಟಿ ಇದ್ದು. ನಂಗೆ ಯಾವಾಗ?"

ಒಂದೇ ಸೀಟು ಅಕ್ಕಾ, ಎಂದೆ.

"ಎರಡು ಸೀಟಿಂದು ಮಾಡು. ಒಳಗಿಂದ ಕಬ್ಬಿಣ ಹಿಡ್ಕಂಬಲೆ ಆನು ಇದ್ನಲಾ."

೩೦ ಮೇ, ಬೆಳಿಗ್ಗೆ

ಮಳೆ ಶುರು. ಎರಡು ಸೀಟಿನ ನಕ್ಷೆ ಹಾಕಲು ಕುಳಿತೆ. ಅಕ್ಕ ಆಗಲೇ ಹಾಜರು. ಮುಂದಿನ ಸೀಟು ತನಗಂತೆ. ಹಿಂದೆ ಕೂತರೆ ಕಾಣುವುದು ನನ್ನ ಬೋಳು ತಲೆ ಮಾತ್ರವಂತೆ. ವಿಮಾನ ಓಡಿಸುವವ ನಾನು ಎಂದರೆ ಕೇಳುವುದಿಲ್ಲ. ಇಗೋ, ಪೆನ್ಸಿಲ್ಲಿಗೇ ಕೈ ಹಾಕಿ —