ಡಬ್ಬಿಯ ಬೆನ್ನಿನ ಅಕ್ಷರ

ಗಾಳಿಮನೆ
ಫೆಬ್ರವರಿ ಮೂವತ್ತು, ೨೩೧೭

ಮುತ್ತಜ್ಜಿಯ ಮುತ್ತಜ್ಜಿ ದೇವೀರಮ್ಮನವರಿಗೆ ಕೆಂಚಪ್ಪನ ನಮಸ್ಕಾರಗಳು. ನಿಮ್ಮ ಪಂಚಾಂಗದಲ್ಲಿ ಈ ದಿನವಿಲ್ಲ. ನಾವು ಆಮೇಲೆ ಸೇರಿಸಿಕೊಂಡೆವು. ನನ್ನ ಮಾತು ಅಲ್ಲಲ್ಲಿ ವಿಚಿತ್ರವೆನಿಸಿದರೆ ಮೊಮ್ಮಗನ ತೊದಲೆಂದು ಮನ್ನಿಸಿ.

ಗಾಳಿಮನೆಯೆಂದರೆ ಮುನ್ನೂರು ಜನ ಒಂದೇ ಗಾಳಿಯನ್ನು ಸೋಸಿ ಸೋಸಿ ಉಸಿರಾಡುವ ಮುಚ್ಚಿದ ಊರು. ಒಬ್ಬರು ಪೂಸಿಕೊಂಡ ಅತ್ತರು ಎಂಟು ದಿನ ಎಲ್ಲರ ಮೂಗಿನಲ್ಲಿರುತ್ತದೆ. ಎಳೆಗೂಸಿನ ಎದೆಗೆ ಪರಿಮಳ ಆಗಿಬರುವುದಿಲ್ಲ. ಅದಕ್ಕೇ ಕೂಸಿನ ಕೋಣೆಯ ಬಾಗಿಲಲ್ಲಿ ಮೂಗಮ್ಮ ಕೂತಿರುತ್ತಾಳೆ. ಬಂದವರನ್ನೆಲ್ಲ ಮೂಸಿ ಒಳಗೆ ಬಿಡುವುದು ಅವಳ ಕೆಲಸ. ನಾಮಕರಣದ ದಿನ ಮನೆಯ ಹಿರಿಯ ಕೂಸನ್ನು ಎದೆಗವಚಿಕೊಂಡು ಕಿವಿಯಲ್ಲಿ ಹೆಸರು ಹೇಳಬೇಕು. ನನಗೋ ಬೆವರು ಧಾರಾಳ, ಸಂಕೋಚವೂ ಅಷ್ಟೇ.

ಮೊದಲ ಮೊಮ್ಮಗಳು ಹುಟ್ಟಿದಾಗ 'ವಾಸನೆಯಿಲ್ಲ' ಎಂದು ಬರೆದಿದ್ದ ಬೆವರುತಡೆಯ ಡಬ್ಬಿ ತಂದೆ. ಮೂಸಿದೆ, ಏನೂ ಇಲ್ಲ. ಮೂಗಮ್ಮನೂ ಬಿಟ್ಟಳು. ಹೆಸರಿನ ಎರಡನೇ ಅಕ್ಷರಕ್ಕೆ ಬರುವಷ್ಟರಲ್ಲಿ ಕೂಸಿನ ಎದೆ ಗೊರಗೊರ ಎಂದಿತು. ನನ್ನ ಕೈಯಿಂದ ಕಸಿದುಕೊಂಡರು. ಉಳಿದಳು, ನಿಜ, ಆದರೆ ಹೆಸರನ್ನು ಬೇರೆಯವರು ಹೇಳಿ ಮುಗಿಸಿದರು.

ಈಗ ಎರಡನೇ ಮೊಮ್ಮಗಳು. ಮತ್ತೆ ಡಬ್ಬಿಗಳನ್ನು ಮೂಸುತ್ತ ಕೂತಿದ್ದಾಗ ಸೊಸೆ ಸಿಂಗಾರಿ ಅಂದಳು: "ಮಾವ, ಮೂಗು ಇಟ್ಟಿದ್ದು ಸಾಕು. ಕನ್ನಡಕ ಹಾಕ್ಕೊಂಡು ಹಿಂದ್ಗಡೆ ಓದಿ."

ಎತ್ತಿಟ್ಟಿದ್ದ ಹಳೆಯ ಡಬ್ಬಿಯನ್ನೇ ಮೊದಲು ಓದಿದೆ. ಮದ್ದಿನ ವಾಸನೆ ಅಡಗಿಸಲು ಇನ್ನೊಂದು ಪರಿಮಳ ಬೆರೆಸಿದ್ದರು! ಮೂಗಿಗೆ ಸಿಗದ್ದು ಕೂಸಿನ ಎದೆಗೆ ಸಿಕ್ಕಿತ್ತು. 'ಪರಿಮಳ ಬೆರೆಸಿಲ್ಲ' ಎಂಬ ಡಬ್ಬಿಯೇ ಬೇರೆ. ಓದುತ್ತ ಹೋದಂತೆ ಇನ್ನಷ್ಟು ತಿಳಿಯಿತು. ಬೆವರಿಗೆ ಅದರದೇ ನಾತವಿಲ್ಲ. ಚರ್ಮದ ಮೇಲಿನ ಸೂಕ್ಷ್ಮಜೀವಿಗಳು ಅದನ್ನು ತಿಂದು ನಾತ ಮಾಡುತ್ತವೆ. ಬೆವರುತಡೆಯ ಅಲ್ಯುಮಿನಿಯಂ ಉಪ್ಪು ಬೆವರಿನಲ್ಲೇ ಕರಗಿ, ಬೆವರಿನ ರಂಧ್ರದ ಬಾಯಲ್ಲಿ ಲೋಳೆಯ ಬಿರಡೆಯಾಗಿ ಕೂರುತ್ತದೆ, ಕೆಲವು ದಿನಕ್ಕೆ ತಾನೇ ಉದುರುತ್ತದೆ. ಹೊರಡುವ ಗಡಿಬಿಡಿಯಲ್ಲಿ ಹಚ್ಚಿದರೆ ಅದಕ್ಕೆ ಕೂರಲು ಪುರಸೊತ್ತೆಲ್ಲಿ? ಹಿಂದಿನ ದಿನವೇ, ಮಲಗುವ ಮುನ್ನ, ಒಣಗಿದ ಕಂಕುಳಿಗೆ ಹಚ್ಚಬೇಕು.

'ಪರಿಮಳ ಬೆರೆಸಿಲ್ಲ' ಎಂದಿದ್ದ ಡಬ್ಬಿ ತಂದು ಹಾಗೇ ಮಾಡಿದೆ. ಇವತ್ತು ಬೆಳಿಗ್ಗೆ ಮೂಗಮ್ಮ ಮೂಸಿ, ಮುದುಕನ ವಾಸನೆ ಬಿಟ್ಟರೆ ಬೇರೇನಿಲ್ಲವೆಂದು ನಕ್ಕಳು. ಸಿಂಗಾರಿ ಮಾತ್ರ ಡಬ್ಬಿಯನ್ನು ಇನ್ನೊಮ್ಮೆ ಓದಿ, ಆಮೇಲೆ ಕೂಸನ್ನು ಕೊಟ್ಟಳು. ಅದು ನನ್ನ ಕಂಕುಳ ಸಂದಿಗೆ ಮೂಗು ತೂರಿಸಿ ನಿರಾಳವಾಗಿ ಮಲಗಿತು.

ಅಜ್ಜೀ, ಒಂದು ಬೇಡಿಕೆ. ಅಂಗಡಿಯಲ್ಲಿ ಡಬ್ಬಿ ಕೈಗೆತ್ತಿಕೊಂಡಾಗ ತಿರುಗಿಸಿ ಬೆನ್ನು ಓದಿ. ಆ ಅಭ್ಯಾಸ ನಮ್ಮವರೆಗೂ ಇಳಿದು ಬರಲಿ. ನಿಮಗೇ ಏಕೆ ಬರೆದೆನೆಂದರೆ, ಇವತ್ತು ಆ ಪುಟ್ಟ ಕಿವಿಯಲ್ಲಿ ಮೂರು ಸಲ, ಕೊನೆಯ ಅಕ್ಷರದವರೆಗೂ, ನಿಮ್ಮ ಹೆಸರನ್ನೇ ಹೇಳಿದೆ.

ನಿಮ್ಮ ಕುಡಿ,
ಕೆಂಚಪ್ಪ