ಎರಡು ಪೆಟ್ಟು, ಒಂದು ಬಿಡುವು

ಇಸ್ಕೆಂದೆರೂನ್
ಅಕ್ಟೋಬರ್ ೧೬, ೧೯೮೮, ಭಾನುವಾರ

ಪ್ರೀತಿಯ ಬಾಬಾ,

ಬಂತು ಬಾಬಾ, ಬಂತು, ನನ್ನ ಕೈಗೂ ಅಕ್ರೋಟು-ಮೆಣಸಿನ ಮುಹಮ್ಮರಾ ಬಂತು! ಗುರುವಾರ ಸಂಜೆ ಮನೆಗೆ ಬಂದವರು ರೊಟ್ಟಿಯಿಂದ ಬಟ್ಟಲನ್ನು ಎಷ್ಟು ಒರೆಸಿ ತಿಂದರೆಂದರೆ ಅದರ ತಳದ ನೀಲಿ ಹೂವು ಫಳಫಳ ಹೊಳೆಯುತ್ತಿತ್ತು. ಅಯ್ಯೋ, ನೋಡಿ, ಮೊದಲು ನಿಮ್ಮ ಆರೋಗ್ಯ ಕೇಳಬೇಕಿತ್ತು. ಮಂಡಿನೋವು ಹೇಗಿದೆ? ಎರೇಲಿಯಲ್ಲಿ ಆಗಲೇ ಚಳಿ ಕಚ್ಚುತ್ತಿದೆಯಂತೆ, ನಾಫಿಯೆ ಅತ್ತೆ ಒಲೆ ಹಚ್ಚಲು ಶುರುಮಾಡಿದರೇ? ತಂಗಿಯ ಮನೆ ಎಂದು ಸಂಕೋಚಪಟ್ಟು ಬೆಚ್ಚಗಿನ ಜಾಗ ಬಿಟ್ಟು ಮೂಲೆಯಲ್ಲಿ ಕೂರಬೇಡಿ. ಮದುವೆಗೆ ನೀವು ಕಳಿಸಿದ ಬಳೆ ನನ್ನ ಕೈಯಲ್ಲೇ ಇದೆ. ಇದನ್ನು ಬರೆಯುವಾಗಲೂ ಕಾಗದಕ್ಕೆ ತಾಗಿ ಸದ್ದು ಮಾಡುತ್ತಿದೆ. ನಾವಿಬ್ಬರೂ ಇನ್ನೂ ಮುಖ ನೋಡಿಲ್ಲ, ಆದರೂ ಬಾಯಿತುಂಬ ಬಾಬಾ ಎನ್ನುತ್ತಿದ್ದೇನೆ. ಬಾಲ್ಕನಿಯ ಪಟದಲ್ಲಿ ಟೋಪಿ ಹಾಕಿಕೊಂಡು ಸಾಮಿಯೆ ಅಮ್ಮನ ಪಕ್ಕದಲ್ಲಿ ನಿಂತಿದ್ದೀರಲ್ಲ, ಆ ಟೋಪಿಗೆ ದಿನಾ ಬೆಳಿಗ್ಗೆ ನಮಸ್ಕಾರ ಹೇಳುತ್ತೇನೆ. ನಿಮ್ಮ ಮಗ ಸೆದಾತ್ ನಗುತ್ತಾರೆ, ನಗಲಿ.

ಅಮ್ಮ ತೀರಿಹೋದ ಮೇಲೆ ಈ ಮನೆಯಲ್ಲಿ ಹೊರಗಿನವರು ಯಾರೂ ಊಟಕ್ಕೆ ಕೂತಿರಲಿಲ್ಲವಂತೆ. ನಾನು ಸೆದಾತ್‌ರನ್ನು ಕೇಳದೆಯೇ ಬಂದರಿನ ಅವರ ಗೆಳೆಯರನ್ನೂ ಅವರ ಹೆಂಡಿರನ್ನೂ ಕರೆದುಬಿಟ್ಟೆ. ಗೊತ್ತಾದ ಮೇಲೆ ಅವರು ಸುಮ್ಮನೆ, "ಮಾಂಸ ತರ್ಲಾ?" ಎಂದರು. ಬೇಡವೇ ಬೇಡ ಎಂದೆ. ಮದುವೆಗೆ ಮೊದಲು, ಅಮ್ಮ ಹೇಳುತ್ತಿದ್ದ ಮಾತೊಂದನ್ನು ಅವರೇ ನನಗೆ ಹೇಳಿದ್ದರು: "ಮಾಂಸ ಇಟ್ರೆ ಎಲ್ರೂ ಪಕ್ಕದವರ ತಟ್ಟೆ ನೋಡ್ತಾರೆ. ಒಂದೇ ಬಟ್ಟಲಿಗೆ ರೊಟ್ಟಿ ಅದ್ದಿದೋರು ಮುನಿಸ್ಕೊಂಡು ಎದ್ದು ಹೋಗೋಕಾಗಲ್ಲ." ನಿಜ ಹೇಳಲೇ, ಆ ಮಾತು ಕೇಳಿಯೇ ನಾನು ಇವರನ್ನು ಮದುವೆಯಾದದ್ದು. ಇವರಿಗೆ ಹೇಳಬೇಡಿ! ಹಾಗಾಗಿ ಎಲ್ಲ ಅಮ್ಮನ ಮೇಜಿನ ಹಾಗೆಯೇ ಇರಲಿ ಎಂದುಕೊಂಡೆ. ಕಡಲೆ ಬೇಯಿಸಿ ಹುಮುಸ್ ಮಾಡಿದೆ. ಬದನೆಕಾಯಿಗಳನ್ನು ಸಿಪ್ಪೆ ಕರಿಕಾಗುವವರೆಗೆ ಬೆಂಕಿಯ ಮೇಲೆ ಸುಟ್ಟು, ಅರೆದ ಎಳ್ಳು, ನಿಂಬೆರಸ ಹಾಕಿ ಕಲಸಿದೆ. ಹಸಿರು ಆಲಿವ್ ಜಜ್ಜಿ ದಾಳಿಂಬೆಯ ಪಾಕ ಸುರಿದೆ. ಉದ್ದ ಮೆಣಸಿನಕಾಯಿ ಎಣ್ಣೆಯಲ್ಲಿ ಕರಿದೆ. ಮುಹಮ್ಮರಾ ಮಾತ್ರ ಜರ್ಮನಿಯ ಚಿಕ್ಕಪ್ಪ ಉಡುಗೊರೆ ಕೊಟ್ಟ ಮಿಕ್ಸಿಯಲ್ಲಿ ಒಂದೇ ನಿಮಿಷಕ್ಕೆ ಆಗಿಹೋಯಿತು. ನನ್ನ ಹೆಮ್ಮೆ ನೋಡಬೇಕಿತ್ತು ನೀವು. ಕೆಳಮನೆಯ ಹೈರಿಯೆ ಚಿಕ್ಕಮ್ಮ ಬಂದು ಬೆರಳ ತುದಿಯಲ್ಲಿ ನೆಕ್ಕಿ ನೋಡಿದರು. "ಏನೇ ಮಿಕ್ಸಿ ಸೊಸೆ, ಹಲ್ಲಿಲ್ಲದೋರಿಗೆ ಮಾಡಿದ್ದೀಯಾ? ಅಕ್ರೋಟು ಹಲ್ಲಿಗೆ ಸಿಗಬೇಕು ಕಣೇ. ಸಾಮಿಯೆ ಒರಳಲ್ಲಿ ಕುಟ್ತಿದ್ಲು," ಎಂದು ಹೇಳಿ ಕೆಳಗಿಳಿದು ಹೋದರು.

ಒರಳು ಅಡುಗೆಮನೆಯಲ್ಲಿ ಎಲ್ಲಿಯೂ ಇರಲಿಲ್ಲ. ಕೊನೆಗೆ ಸಿಕ್ಕಿದ್ದು ತಾರಸಿಯ ಕೊಠಡಿಯಲ್ಲಿ, ಮೆಣಸಿನ ಗೊಜ್ಜು ಒಣಗಿಸುವ ತಟ್ಟೆಗಳ ಹಿಂದೆ. ಸೆದಾತ್‌ರ ಸೈನ್ಯದ ದಿನಗಳ ಕೋಟಿನಲ್ಲಿ ಸುತ್ತಿ, ಮೇಲೆ ಹಗ್ಗದಿಂದ ಬಿಗಿದಿಟ್ಟಿತ್ತು. ಮರದ ಒರಳು ಎದ್ದು ಓಡಿಹೋಗುತ್ತದೆಯೇ, ಹಗ್ಗ ಯಾಕೆ ಎಂದು ನನಗೆ ನಗು ಬಂತು. ಹೊಸದಾಗಿ ಅಕ್ರೋಟು ಬಿಡಿಸಿ, ಈ ವರ್ಷದ ಮೆಣಸಿನ ಗೊಜ್ಜು ಹಾಕಿ ಕುಟ್ಟಲು ಕೂತೆ. ತುಸು ಹೊತ್ತಿಗೆ ಬಾಗಿಲಲ್ಲಿ ಹೈರಿಯೆ ಚಿಕ್ಕಮ್ಮ ನಿಂತಿದ್ದರು. ಕೈತುಂಬ ಹಿಟ್ಟು, ಮುಖವೂ ಅದೇ ಬಣ್ಣ. ನನ್ನನ್ನು ನೋಡದೆ ನನ್ನ ಬೆನ್ನ ಹಿಂದೆ ನೋಡುತ್ತ, "ಸಾಮಿಯೆ?" ಎಂದರು.

ಬಾಬಾ, ನಿಮ್ಮ ವಿಷಯ ನನಗೆ ತಿಳಿದದ್ದು ಆಗಲೇ. ಇಲ್ಲಿನ ತೇವ ನಿಮಗೆ ಒಗ್ಗದೆ ಎರೇಲಿಗೆ ಹೋದಿರಿ ಎಂದು ಸೆದಾತ್ ಹೇಳಿದ್ದರು. ನಾನೂ ನಂಬಿ ನಿಮಗೆ ಉಣ್ಣೆಯ ತೋಳಿಲ್ಲದ ಅಂಗಿ ಹೆಣೆಯುತ್ತಿದ್ದೆ. ಚಿಕ್ಕಮ್ಮ ಎಲ್ಲ ಹೇಳಿದರು. ಅಮ್ಮ ಹೋದ ಮೇಲೆ ಮಧ್ಯಾಹ್ನ ಅಡುಗೆಮನೆಯಿಂದ ಕುಟ್ಟುವ ಸದ್ದು ಬರುತ್ತದೆ ಎಂದು ನೀವು ಹೇಳುತ್ತಿದ್ದಿರಂತೆ, ಕುರ್ಚಿ ಎಳೆದುಕೊಂಡು ಆ ಬಾಗಿಲಲ್ಲೇ ಕೂರುತ್ತಿದ್ದಿರಂತೆ. "ಬಾಬಾ, ನಿಮಗೆ ತಲೆ ಕೆಟ್ಟಿದೆ, ಡಾಕ್ಟರ್ ಹತ್ರ ನಡೀರಿ," ಎಂದು ಸೆದಾತ್ ಕೂಗಾಡಿದ್ದು ಬೀದಿಗೆಲ್ಲ ಕೇಳಿಸಿತಂತೆ. ಅವರು ಒರಳು ಕಟ್ಟಿ ಮೇಲೆ ಹೊತ್ತೊಯ್ದಿಟ್ಟ ಮರುದಿನವೇ ನೀವು ಪೆಟ್ಟಿಗೆ ಹಿಡಿದು ಹೊರಟಿರಂತೆ. ಮಗನ ಮದುವೆಗೂ ಬರಲಿಲ್ಲ. ಚಿಕ್ಕಮ್ಮ ಕಣ್ಣೊರೆಸಿಕೊಂಡು ನನ್ನನ್ನೇ ಗದರಿದರು: "ಅದೂ ಗುರುವಾರ ಎಣ್ಣೆ ಕಾಯಿಸಿದ್ದೀಯ. ಆ ವಾಸನೆಗೆ ತೀರಿಹೋದೋರು ಮನೆ ಬಾಗಿಲಿಗೆ ಬರ್ತಾರೆ ಅಂತ ಗೊತ್ತಿಲ್ವೇನೇ ನಿಂಗೆ?"

ನಾನು ಅವರ ಕೈಹಿಡಿದು ಕೂರಿಸಿ ಒರಳಿನ ತಳ ತೋರಿಸಿದೆ. ಅದು ಒಂದು ಕಡೆ ಸವೆದಿದೆ ಬಾಬಾ. ಎರಡು ಪೆಟ್ಟು ಬಿದ್ದರೆ ವಾಲುತ್ತದೆ, ನಿಲ್ಲಿಸಿ ನೇರ ಮಾಡಬೇಕು, ಆಮೇಲೆ ಮತ್ತೆರಡು. ಯಾರು ಕುಟ್ಟಿದರೂ ಎರಡು ಪೆಟ್ಟು, ಒಂದು ಬಿಡುವು. ಅಮ್ಮನ ಕೈ ಆ ಒರಳಿಗೆ ಪಾಠ ಕಲಿಸಿದೆ, ಅದು ಈಗ ನನಗೆ ಕಲಿಸುತ್ತಿದೆ ಅಷ್ಟೇ ಎಂದೆ. ಇಬ್ಬರೂ ನಕ್ಕೆವು. ಆದರೆ ಚಿಕ್ಕಮ್ಮ ಹೋಗುವಾಗ ಅಡುಗೆಮನೆಗೆ ಬೆನ್ನು ಹಾಕಲಿಲ್ಲ, ಹಿಂದೆ ಹಿಂದೆಯೇ ನಡೆದು ಹೊರಗೆ ಹೋದರು.

ಸಂಜೆ ಎಲ್ಲರೂ ಬಂದರು. ಎಷ್ಟು ಗಲಾಟೆ, ಎಷ್ಟು ನಗು! ಯಾರೋ, "ಇದು ಸಾಮಿಯೆ ಅಕ್ಕನ ಕೈ ಕಣ್ರೋ!" ಎಂದುಬಿಟ್ಟರು. ಅಷ್ಟರಲ್ಲಿ ಸೆದಾತ್ ರೊಟ್ಟಿ ಅದ್ದಿ ಬಾಯಿಗಿಟ್ಟಿದ್ದರು. ಅವರು ಅಗಿಯುವುದನ್ನೇ ನಿಲ್ಲಿಸಿದರು. "ಒರಳು ಎಲ್ಲಿ ಸಿಕ್ತು?" ಎಂದಷ್ಟೇ ಕೇಳಿದರು. ಮತ್ತೆ ಆ ಬಟ್ಟಲಿಗೆ ಕೈಹಾಕಲಿಲ್ಲ. ನನಗೆ ಸಿಟ್ಟು ಬರಲಿಲ್ಲ ಬಾಬಾ. ಮೇಜಿನ ತುದಿಯಲ್ಲಿ ಖಾಲಿಯಿದ್ದ ನಿಮ್ಮ ಕುರ್ಚಿಯನ್ನು ಅವರು ನೋಡುತ್ತಿದ್ದುದನ್ನು ನಾನು ಕಂಡೆ.

ನಾಫಿಯೆ ಅತ್ತೆಗೆ ನನ್ನ ಪ್ರೀತಿ ತಿಳಿಸಿ. ಕಾಲಿಗೆ ದಪ್ಪ ಕಾಲುಚೀಲ ಹಾಕಿಕೊಳ್ಳಿ. ನಿಮ್ಮ ಎರಡೂ ಕೈಗಳಿಗೆ ಮುತ್ತಿಟ್ಟು ನನ್ನ ಹಣೆಗೆ ಒತ್ತಿಕೊಳ್ಳುತ್ತೇನೆ. ನನ್ನ ತಲೆಯ ಮೇಲೆ ಆ ಕೈಗಳಿರಲಿ.

ನಿಮ್ಮ ಸೊಸೆ, ಅಲ್ಲ, ನಿಮ್ಮ ಮಗಳು,
ಬೆಲ್ಮಾ

ಮರೆತ ಮಾತು: ಮರೆತದ್ದಲ್ಲ ಬಾಬಾ, ಬರೆಯಲು ಹೆದರಿದ್ದೆ. ಲಕೋಟೆ ಅಂಟಿಸುವ ಹೊತ್ತಾಯಿತು, ಬೇಗ ಹೇಳುತ್ತೇನೆ. ನಿನ್ನೆ ಮಧ್ಯಾಹ್ನ ತಾರಸಿಯಲ್ಲಿ ಬಟ್ಟೆ ಒಣಹಾಕುತ್ತಿದ್ದೆ. ತೊಳೆದ ಒರಳು ನನ್ನ ಕಾಲ ಬಳಿಯೇ ಬಿಸಿಲಿಗೆ ಬೋರಲಾಗಿ ಬಿದ್ದಿತ್ತು. ಕೆಳಗೆ ನಮ್ಮ ಅಡುಗೆಮನೆಯಿಂದ ಸದ್ದು ಬಂತು. ಎರಡು ಪೆಟ್ಟು. ಬಿಡುವು. ಮತ್ತೆರಡು. ನಾನು ಒರಳನ್ನೇ ನೋಡುತ್ತ ನಿಂತುಬಿಟ್ಟೆ, ಕೈಯಲ್ಲಿದ್ದ ಒದ್ದೆ ಅಂಗಿಯಿಂದ ನೀರು ಅದರ ಮೇಲೆ ತೊಟ್ಟಿಕ್ಕುತ್ತಿತ್ತು. ಆಗ ಸೆದಾತ್ ಮೆಟ್ಟಿಲು ಹತ್ತಿ ಬಂದರು, ಒಂದು ಕಾಲಲ್ಲಿ ಶೂ ಇತ್ತು, ಇನ್ನೊಂದು ಕೈಯಲ್ಲಿತ್ತು. "ನೀನು ಕೆಳಗೆ ಕುಟ್ತಿದ್ದೀಯ ಅಂದ್ಕೊಂಡೆ," ಎಂದರು. ಆಮೇಲೆ ಒರಳು ನೋಡಿದರು. ಅದರ ಪಕ್ಕದಲ್ಲೇ ನೆಲದ ಮೇಲೆ ಕೂತು, ಸದ್ದು ನಿಲ್ಲುವವರೆಗೂ ಏಳಲಿಲ್ಲ. "ಬಾಬಾ ಸರಿಯಾಗೇ ಹೇಳಿದ್ರು, ಬೆಲ್ಮಾ. ನಾನು ಅವರನ್ನ ಹುಚ್ಚ ಅಂದೆ," ಎಂದರು. ನಿಮಗೆ ಬರೆಯಲು ಕೂತವರು ನಾಲ್ಕು ಕಾಗದ ಹರಿದರು, ಆಮೇಲೆ ಸ್ಟೇಷನ್ನಿಗೆ ಹೋಗಿ ಟಿಕೆಟ್ ತಂದರು. ಒರಳನ್ನು ಅದೇ ಕೋಟಿನಲ್ಲಿ ಸುತ್ತಿದ್ದೇವೆ, ಈ ಸಲ ಹಗ್ಗ ಕಟ್ಟಿಲ್ಲ. ಕುಟ್ಟುವುದು ಅಲ್ಲಿಯೇ, ನಿಮ್ಮ ಕಿವಿಗೆ ಬೀಳುವ ಹಾಗೆ. ನೀವು ಬಾಗಿಲು ತೆಗೆಯದಿದ್ದರೆ ಹೊರಗಿನ ಮೆಟ್ಟಿಲ ಮೇಲೇ ಕೂತು ಕುಟ್ಟುತ್ತೇನೆ. ಅತ್ತೆಗೆ ರೊಟ್ಟಿ ಮಾತ್ರ ಮಾಡಿಡಲು ಹೇಳಿ. ಬಟ್ಟಲು ಒಂದೇ ಸಾಕು. ಇಬ್ಬರೂ ಬರುತ್ತಿದ್ದೇವೆ ಬಾಬಾ, ಈ ಶನಿವಾರ, ಟೋರೋಸ್ ಎಕ್ಸ್‌ಪ್ರೆಸ್‌ಗೆ.