ತಂಪು ಕೈಯ ಅತ್ತೆಮ್ಮನಿಗೆ

ಆನ್ ಥುಯ್, ಕಟ್ಟೆಯ ಕೆಳಗಿನ ಓಣಿ
ಎರಡನೆಯ ಚಾಂದ್ರಮಾಸದ ಇಪ್ಪತ್ತೆರಡನೆಯ ದಿನ

ಕೋಪದಲ್ಲಿ ಹೊರಟರೂ ನನ್ನ ಕೆಮ್ಮಿಗೆ ಶುಂಠಿ ಕಷಾಯ ಮಾಡಿಟ್ಟು ಹೋದ ಅತ್ತೆಮ್ಮನಿಗೆ,

ಸೊಸೆ ದಿಯೆಪ್ ಮಾಡುವ ನಮಸ್ಕಾರ. ಫೋನು ಮಾಡಿದರೆ ನೀವು ಊಟ ಆಯ್ತಾ ಎಂದು ಕೇಳಿ, ನಾನು ಆಯ್ತು ಎನ್ನುವಷ್ಟರಲ್ಲಿ ಫೋನನ್ನು ನಿಮ್ಮ ಮಗಳು ಲೊವಾನ್ ಅಕ್ಕನ ಕೈಗೆ ಕೊಟ್ಟುಬಿಡುತ್ತೀರಿ. ಅದಕ್ಕೇ ಕಾಗದ. ಹೈಫೋಂಗ್ ಬಸ್ಸಿನ ಕಂಡಕ್ಟರನ ಕೈಯಲ್ಲಿ ಈ ಚೀಲ ಕಳಿಸುತ್ತಿದ್ದೇನೆ. ಅಡಿಯಲ್ಲಿ ಭತ್ತದ ಹೊಟ್ಟಿನೊಳಗೆ ಬಾತುಮೊಟ್ಟೆಗಳಿವೆ, ಹುಷಾರು. ಮೇಲಿರುವುದು ಸಾಸಿವೆ ಸೊಪ್ಪು, ಸ್ವಲ್ಪ ಸಬ್ಬಸಿಗೆ. ಎರಡೂ ನಮ್ಮ ಹಿತ್ತಲಿನವೇ, ನಾನೇ ಬೆಳೆದದ್ದು. ಎಲೆಯಲ್ಲಿ ತೂತುಗಳಿವೆ, ನಿಜ. ಬಸವನಹುಳುಗಳು ನನಗಿಂತ ಮೊದಲು ರುಚಿ ನೋಡಿವೆ.

ಬೇಸಿಗೆ ಬಟ್ಟೆ ಕಳಿಸು ಎಂದು ಲೊವಾನ್ ಅಕ್ಕ ಮೊನ್ನೆ ಹೇಳಿದರು. ಅಮ್ಮ, ನನ್ನ ಮಗು ಶಾಲೆಗೆ ಹೋಗುವವರೆಗೂ ಇಲ್ಲೇ ಇರ್ತಾಳಂತೆ, ನಮಗೂ ಅನುಕೂಲ ಎಂದರು. ಆ ಬಟ್ಟೆಗಳನ್ನು ಕಳಿಸುತ್ತಿಲ್ಲ. ಇಲ್ಲಿ ನೆಲ, ಗೋಡೆ ಎಲ್ಲ ಬೆವರುತ್ತಿವೆ, ಒಗೆದದ್ದು ಒಣಗುವುದಿಲ್ಲ ಎಂದು ಅವರಿಗೆ ಸಬೂಬು ಹೇಳಿದೆ. ನಿಮಗೆ ನಿಜ ಹೇಳುತ್ತೇನೆ. ಬಟ್ಟೆ ಕಳಿಸಿದರೆ ನೀವು ಬರುವುದಿಲ್ಲ, ಅದಕ್ಕೇ ಕಳಿಸುತ್ತಿಲ್ಲ.

ಆ ಕಾಯಿಯ ವಿಷಯ ನೀವು ಅಕ್ಕನ ಮನೆಯಲ್ಲಿ ಹೇಗೆ ಹೇಳಿದ್ದೀರೋ ಗೊತ್ತಿಲ್ಲ. ನನ್ನ ಕಡೆಯದನ್ನೂ ಒಮ್ಮೆ ಕೇಳಿ. ನಾನು ಹನೋಯಿಯ ನಾಲ್ಕನೆಯ ಮಹಡಿಯಲ್ಲಿ ಬೆಳೆದವಳು. ನಮ್ಮಮ್ಮನ ಮನೆಯಲ್ಲಿ ಮಣ್ಣು ಇದ್ದದ್ದು ಧೂಪ ಚುಚ್ಚುವ ಬಟ್ಟಲಿನಲ್ಲಿ ಮಾತ್ರ, ಅದೂ ಬೂದಿ. ಒಲೆಯ ದೇವರನ್ನು ಆಕಾಶಕ್ಕೆ ಬೀಳ್ಕೊಡುವ ದಿನ ಅಡುಗೆಮನೆ ಫಳಫಳ ಅನ್ನಬೇಕು ಎಂದು ನೀವೇ ಹೇಳಿದ್ದಿರಿ. ಒಲೆಯ ಮೇಲೆ ಜಂತಿಗೆ ಕಟ್ಟಿದ್ದ, ಹೊಗೆ ಹಿಡಿದು ಕಪ್ಪಾದ ತುಪ್ಪದ ಹೀರೆಯನ್ನು ನಾನು ಪಾತ್ರೆ ಉಜ್ಜುವ ನಾರು ಎಂದುಕೊಂಡೆ. ಕತ್ತರಿಸಿ, ಬೀಜವನ್ನೆಲ್ಲ ಉರಿಯುವ ಒಲೆಗೆ ಕೊಡವಿ, ಹಾಡು ಹೇಳಿಕೊಂಡು ಪಾತ್ರೆ ತಿಕ್ಕಿದೆ. ನೀವು ಬಂದು, ಪರವಾಗಿಲ್ವೇ, ಪಾತ್ರೆಲಿ ಮುಖ ಕಾಣ್ತಿದೆ, ಯಾವುದರಲ್ಲಿ ಉಜ್ಜಿದೆ ಎಂದಿರಿ. ನಾನು ಹೆಮ್ಮೆಯಿಂದ ತೋರಿಸಿದೆ.

ನೀವು ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ಹೊಸವರ್ಷದ ತೆತ್ ಹಬ್ಬದ ಹೊತ್ತಿನಲ್ಲಿ ಮನೆಯಲ್ಲಿ ಜಗಳವಾಡಬಾರದೆಂದು ಬಾಯಿ ಮುಚ್ಚಿಕೊಂಡಿರಿ. ವರ್ಷದ ಮೊದಲ ಹುಣ್ಣಿಮೆ ಕಳೆದದ್ದೇ ಚೀಲ ಎತ್ತಿಕೊಂಡಿರಿ. ಬಾಗಿಲಲ್ಲಿ ನಿಮ್ಮ ಮಗ ತುಂಗ್‌ಗೆ ಹೇಳಿದ್ದನ್ನು ನಾನು ಒಳಗಿನಿಂದ ಕೇಳಿಸಿಕೊಂಡೆ: "ನಮ್ಮಮ್ಮನ ಮನೆಯಿಂದ ತಂದಿದ್ದು ಆ ಬೀಜ ಒಂದೇ ಕಣಪ್ಪ. ಈಗ ಈ ಮನೇಲಿ ನಂದು ಅನ್ನೋದು ಏನೂ ಉಳೀಲಿಲ್ಲ." ಅವತ್ತು ನಿಮ್ಮ ಮಗನಿಗೂ ನನಗೂ ಅನ್ನ ಇಳಿಯಲಿಲ್ಲ. ಆಮೇಲೆ ನಾನು ಎದ್ದು ಗುದ್ದಲಿ ಹುಡುಕಿದೆ.

ಹಿತ್ತಲಲ್ಲಿ ಸೊಪ್ಪಿನ ಮಡಿ ಮಾಡಿದ್ದನ್ನು ನೀವು ನೋಡಬೇಕಿತ್ತು. ಹೊಲಿಗೆಯ ಟೇಪು ಹಿಡಿದು ಅಳೆದು, ದಾರ ಕಟ್ಟಿ, ನೇರವಾಗಿ ಎಳೆದೆ. ಓಣಿಯವರಿಗೆ ಪುಕ್ಕಟೆ ನಾಟಕ. ಮೂಲೆಮನೆಯ ಸೂವಾ ಚಿಕ್ಕಮ್ಮ ಸೈಕಲ್ ನಿಲ್ಲಿಸಿ, "ಹನೋಯಿ ಹುಡುಗಿ ನೆಲಕ್ಕೂ ಹೊಲಿಗೆ ಹಾಕ್ತಾಳೆ ನೋಡ್ರೇ, ಗುಂಡಿ ಎಷ್ಟು ಇಡ್ತೀಯಮ್ಮ?" ಎಂದರು. ಗುಂಡಿ ಇರಲಿ ಚಿಕ್ಕಮ್ಮ, ಮೊದಲು ತೋಳು ನೆಟ್ಟಗಾಗಲಿ ಎಂದೆ. ಅಂಗೈಯಲ್ಲಿ ಬೊಬ್ಬೆ ಎದ್ದು ಎರಡು ದಿನ ಸೂಜಿ ಹಿಡಿಯಲಾಗಲಿಲ್ಲ.

ಮೊದಲ ಬಿತ್ತನೆ ಪೂರ್ತಿ ಹಾಳಾಯಿತು. ಕೊತ್ತಂಬರಿಯನ್ನು ಇಡಿ ಬೀಜವಾಗಿಯೇ ಚೆಲ್ಲಿದ್ದೆ, ದಿನಕ್ಕೆರಡು ಸಲ ನೀರು ಹಾಕಿದ್ದೆ. ತುಂತುರು ಹಿಡಿದ ಕಾಲದಲ್ಲಿ ನೀರು ಹಾಕಿ ಹಾಕಿ ಎಲ್ಲವನ್ನೂ ಕೊಳೆಸಿದೆ. ಆಗ ಒಬ್ಬರು ಹೇಳಿಕೊಟ್ಟರು. ಯಾರೋ ಒಬ್ಬರು ಎಂದಿಟ್ಟುಕೊಳ್ಳಿ. "ಮೇಲಿಂದ ಬೀಳ್ತಿರೋದು ಸಾಲದೂಂತ ನೀನೂ ಸುರೀತೀಯಾ? ಬೀಜ ಮುಳುಗಿ ಸಾಯಬೇಕಾ?" ಎಂದು ಬೈದೇ ಹೇಳಿಕೊಟ್ಟರು. ಕೊತ್ತಂಬರಿಯನ್ನು ಚಪ್ಪಲಿಯ ಅಡಿಯಲ್ಲಿ ಉಜ್ಜಿ ಎರಡು ಹೋಳು ಮಾಡಬೇಕಂತೆ. ಮಡಿಯನ್ನು ಗೇಣು ಎತ್ತರ ಏರಿಸಿ ನಡುವೆ ನೀರು ಹರಿಯಲು ಜಾಗ ಬಿಡಬೇಕಂತೆ. ಬಸವನಹುಳು ಬರದಂತೆ ಸುತ್ತ ಒಲೆಬೂದಿ ಹಾಕಬೇಕಂತೆ, ಮಳೆಗೆ ತೊಳೆದುಹೋದರೆ ಮತ್ತೆ ಹಾಕಬೇಕಂತೆ, ಮತ್ತೆ ತೊಳೆದುಹೋದರೆ ಮತ್ತೆ. ಎಷ್ಟು ದಿನ ಎಂದು ಕೇಳಿದ್ದಕ್ಕೆ, "ತಿನ್ನೋ ಆಸೆ ಇರೋವರೆಗೂ" ಎಂದರು. ಹಾಗೇ ಮಾಡಿದೆ, ಸಾಸಿವೆ ಹುಟ್ಟಿತು. ಈಗ ದಂಟು, ಬಸಳೆಗೂ ಮಡಿ ಸಿದ್ಧವಾಗಿದೆ, ಚಳಿ ಇನ್ನೂ ಸ್ವಲ್ಪ ಮುರಿಯಲಿ ಎಂದು ಕಾಯುತ್ತಿದ್ದೇನೆ. ಬೆಳಗ್ಗೆ ಎದ್ದು ಹಲ್ಲುಜ್ಜುವ ಮೊದಲು ಹಿತ್ತಲಿಗೆ ಹೋಗುವ ಚಟ ಹತ್ತಿದೆ. ಮೊಳಕೆ ನೆಲ ಒಡೆಯುವುದನ್ನು ನೋಡುವ ಖುಷಿ ಇಷ್ಟೊಂದು ಇರುತ್ತದೆ ಎಂದು ನನಗೆ ಯಾರೂ ಹೇಳಿರಲಿಲ್ಲ.

ಆದರೆ ಇವೆಲ್ಲ ಪೇಟೆಯ ಬೀಜ. ನನ್ನ ತಲೆಯಲ್ಲಿ ಇದ್ದದ್ದು ನಿಮ್ಮ ಹೀರೆ. ಓಣಿಯಲ್ಲಿ ಮನೆಮನೆಗೂ ಹೋದೆ. ವರ್ಷ ವರ್ಷ ನಿಮ್ಮಿಂದ ಸಸಿ ಒಯ್ದವರೇ ಎಲ್ಲ, ಬೀಜ ಇಟ್ಟವರು ಒಬ್ಬರೂ ಇಲ್ಲ. "ಯಾಕಿಡೋದು? ಹೇಗೂ ನಿಮ್ಮತ್ತೆ ಕೊಡ್ತಿದ್ರಲ್ಲ" ಎನ್ನುತ್ತಾರೆ. ನಿಮ್ಮ ಪರಿಮಳದ ಹೀರೆ ಹಾಕಿ ಏಡಿ ಸಾರು ಮಾಡಿದರೆ ಬೀದಿ ತುದಿಗೆ ಘಮ್ಮೆನ್ನುತ್ತದೆ ಎಂದು ನನ್ನ ಮುಂದೆಯೇ ಬಾಯಿ ಚಪ್ಪರಿಸುತ್ತಾರೆ. ನಾನು ಕಳೆದದ್ದು ನಿಮ್ಮೊಬ್ಬರದ್ದಲ್ಲ, ಇಡೀ ಓಣಿಯದ್ದು ಎಂದು ಅವತ್ತು ಗೊತ್ತಾಯಿತು. ದಾರಿಯಲ್ಲೇ ಅಳು ಬಂತು.

ಒಂದು ಮನೆಗೆ ಮಾತ್ರ ಹೋಗಿರಲಿಲ್ಲ. ಕಾಲುವೆಯಾಚೆ ನಿಮ್ಮ ಓರಗಿತ್ತಿ, ನಮ್ಮ ಗಾಮ್ ದೊಡ್ಡತ್ತೆಯ ಮನೆ. ಯಾಕೆಂದು ನಿಮಗೆ ಬೇರೆ ಹೇಳಬೇಕೆ? ಕಾಲುವೆಯ ದಂಡೆ ಯಾರದ್ದು ಎಂದು ಜಗಳವಾಗಿ ನೀವಿಬ್ಬರೂ ಮಾತು ಬಿಟ್ಟದ್ದು ನಾನು ಈ ಮನೆಗೆ ಬರುವ ಮೊದಲೇ. ನಾನು ಸೊಸೆಯಾಗಿ ಬಂದ ಮೇಲೆ ಕೇಳಿದ್ದು ಕೋಳಿಗಳಿಗೆ ಬೀಳುವ ಬೈಗುಳ ಮಾತ್ರ. ನೀವು ಈಚೆಯಿಂದ, "ಕಂಡೋರ ದಂಡೆ ಕೆದರ್ತೀಯಾ, ನಾಚಿಕೆಗೆಟ್ಟೋಳೆ" ಎಂದು ನಮ್ಮ ಹೇಂಟೆಗೆ ಬೈಯುವುದು. ಅವರು ಆಚೆಯಿಂದ, "ಬರೀ ಕೂಗಾಡೋದೇ ಆಯ್ತು, ಮೊಟ್ಟೆ ಮಾತ್ರ ಕಾಣೆ" ಎಂದು ತಮ್ಮದಕ್ಕೆ ಬೈಯುವುದು. ನೀವು ಹೋದ ಮೇಲೆ ಎರಡೂ ಕಡೆಯ ಕೋಳಿಗಳು ಸುಖವಾಗಿವೆ. ಆದರೆ ಹಿತ್ತಲು ಭಣಭಣ ಅನ್ನುತ್ತದೆ.

ಇರಲಿ, ಮುಖ್ಯ ವಿಷಯಕ್ಕೆ ಬರುತ್ತೇನೆ. ಅತ್ತೆಮ್ಮ, ನಿಮ್ಮ ಹೀರೆ ಹುಟ್ಟಿದೆ.

ಕಾಗದ ಕೆಳಗಿಡಬೇಡಿ, ಪೂರ್ತಿ ಓದಿ. ಅದೇ ಹೀರೆ. ಬೀಜ ಕೊಟ್ಟವರು ಪೂರ್ವಜರ ಮೇಲೆ ಆಣೆಯಿಟ್ಟು ಹೇಳಿದ್ದಾರೆ. ಯಾರು ಎಂದು ಹೇಳುವುದಿಲ್ಲ, ಮಾತು ಕೊಟ್ಟಿದ್ದೇನೆ. ಮೂರು ಪಾಲು ಕುದಿಯುವ ನೀರಿಗೆ ಎರಡು ಪಾಲು ತಣ್ಣೀರು ಬೆರೆಸಿ ಬೀಜ ನೆನೆಹಾಕಿದೆ. ಒದ್ದೆ ಬಟ್ಟೆಯಲ್ಲಿ ಗಂಟು ಕಟ್ಟಿದೆ. ಈ ಚಳಿಯಲ್ಲಿ ಬೀಜಕ್ಕೆ ಶಾಖ ಸಾಲದು ಎಂದು ನಿಮ್ಮ ಮಗ ಆ ಗಂಟನ್ನು ಅಂಗಿಯ ಒಳಗೆ, ಎದೆಗೆ ಒತ್ತಿಕೊಂಡು ಗಾರೆ ಕೆಲಸಕ್ಕೆ ಹೋದ. ಜೊತೆಯವರು, "ಏನೋ ತುಂಗ್, ಕಾವಿಗೆ ಕೂತಿದ್ದೀಯಾ? ಮರಿ ಯಾವಾಗ?" ಎಂದು ಗೋಳು ಹುಯ್ದುಕೊಂಡರಂತೆ. ಅವನು ನಗಲಿಲ್ಲವಂತೆ. ಅಮ್ಮನ ಬೀಜ ಕಣ್ರೋ ಎಂದನಂತೆ. ಬೀಜ ಬಿರಿದು ಬಿಳಿ ಮೂತಿ ತೋರಿಸಿದಾಗ ಬಾಳೆಲೆಯ ದೊನ್ನೆಗಳಲ್ಲಿ ಮಣ್ಣು ತುಂಬಿ ಇಟ್ಟೆವು. ಈಗ ಎರಡೆಲೆ ಬಿಟ್ಟು ಮೂರನೆಯದು ಇಣುಕುತ್ತಿದೆ. ಒಂದೆರಡು ಸೊರಗಿವೆ, ಉಳಿದವು ಗಟ್ಟಿಯಾಗಿವೆ.

ಇನ್ನು ಅವನ್ನು ನೆಲಕ್ಕೆ ಇಳಿಸಬೇಕು. ಅಲ್ಲಿಗೆ ನನ್ನ ಧೈರ್ಯ ಮುಗಿಯಿತು. ನಿಮ್ಮ ಕೈ ತಂಪು, ನೀವು ಊರಿದ ಕಡ್ಡಿಯೂ ಚಿಗುರುತ್ತದೆ ಎಂದು ಇಡೀ ಊರು ಹೇಳುತ್ತದೆ. ನನ್ನ ಕೈ ತಂಪೋ ಬಿಸಿಯೋ ಯಾರಿಗೆ ಗೊತ್ತು? ಸಾಸಿವೆ ಸೊಪ್ಪಿನ ಮೇಲೆ ಪರೀಕ್ಷೆ ಮಾಡಬಹುದು, ಇದರ ಮೇಲೆ ಮಾಡಲಾರೆ. ನಾನೊಬ್ಬಳೇ ಅಲ್ಲ, ಸೂವಾ ಚಿಕ್ಕಮ್ಮ ಸೋರೆ ಬೀಜವನ್ನು ಕಾಗದದಲ್ಲಿ ಸುತ್ತಿಕೊಂಡು ಎರಡು ಸಲ ಬಂದು ಹೋದರು. "ನಿಮ್ಮತ್ತೆ ಬಂದು ಮೊದಲ ಬೀಜ ಹಾಕಿದ್ರೆ ಉಳಿದಿದ್ದು ನಾನು ಹಾಕ್ಕೊತೀನಿ" ಎನ್ನುತ್ತಾರೆ. ಯಾವಾಗ ಬರ್ತಾರೆ ಎಂದು ಕೇಳಿದರೆ ನಾನು ಬರ್ತಾರೆ ಎನ್ನುತ್ತೇನೆ, ಯಾವಾಗ ಎಂಬುದನ್ನು ನುಂಗಿಕೊಳ್ಳುತ್ತೇನೆ.

ಈ ಮನೆಗೆ ಬಂದಾಗ ನಾನು ತಂದದ್ದು ನಮ್ಮಮ್ಮನ ಹೊಲಿಗೆ ಯಂತ್ರ. ಅದನ್ನು ಯಾರಾದರೂ ಗುಜರಿಗೆ ಹಾಕಿದ್ದರೆ ನಾನೂ ಚೀಲ ಎತ್ತಿಕೊಂಡು ಹೋಗುತ್ತಿದ್ದೆ, ಬೈದೂ ಹೋಗುತ್ತಿದ್ದೆ. ಹಾಗಾಗಿ ನೀವು ಹೋದದ್ದು ತಪ್ಪು ಎನ್ನುವುದಿಲ್ಲ. ಆದರೆ ನಿಮ್ಮದು ಅನ್ನೋದು ಏನೂ ಉಳಿದಿಲ್ಲ ಎಂಬ ಮಾತು ಮಾತ್ರ ಸುಳ್ಳು. ನಿಮ್ಮ ಮಗ ದಿನವೂ ಊಟಕ್ಕೆ ಕುಳಿತಾಗ ನಿಮ್ಮ ಬಟ್ಟಲನ್ನೂ ಇಡುತ್ತಾನೆ, ಆಮೇಲೆ ನೆನಪಾಗಿ ತೆಗೆಯುತ್ತಾನೆ. ನಾನು ಉಪ್ಪು ಎಷ್ಟು ಹಾಕಿದರೂ ನಿಮಗೆ ಹೆಚ್ಚು ಅನ್ನಿಸೀತೇ ಎಂದು ಯೋಚಿಸುತ್ತೇನೆ. ಮನೆಗೆ ಬನ್ನಿ ಅತ್ತೆಮ್ಮ. ಬಂದು ಬಾಯ್ತುಂಬ ಬೈಯಿರಿ, ಕೇಳಿಸಿಕೊಳ್ಳಲು ಸಿದ್ಧಳಿದ್ದೇನೆ. ಲೊವಾನ್ ಅಕ್ಕನ ಮಗುವನ್ನೂ ಕರೆತನ್ನಿ, ಬೇಕಾದರೆ ಅಕ್ಕನನ್ನೂ. ಸಸಿಗಳು ಇನ್ನೊಂದು ವಾರ ದೊನ್ನೆಯಲ್ಲಿ ತಡೆದುಕೊಳ್ಳುತ್ತವೆ, ಅದಕ್ಕಿಂತ ಹೆಚ್ಚು ತಡೆಯುವುದಿಲ್ಲ.

ನಿಮ್ಮ ಮಾತಿಗಾಗಿ ಕಾಯುತ್ತಿರುವ ಸೊಸೆ,
ದಿಯೆಪ್

ಮರೆತ ಮಾತು: ಮರೆತದ್ದಲ್ಲ, ಬಚ್ಚಿಟ್ಟದ್ದು. ಲಕೋಟೆ ಅಂಟಿಸಿದ್ದೆ, ಮನಸ್ಸು ತಡೆಯದೆ ಬಿಚ್ಚಿ ಬರೆಯುತ್ತಿದ್ದೇನೆ. ಬೀಜ ಕೊಟ್ಟವರು ಗಾಮ್ ದೊಡ್ಡತ್ತೆ. ಬೇರೆ ದಾರಿ ಕಾಣದೆ ಕೊನೆಗೆ ಅವರ ಬಾಗಿಲಿಗೂ ಹೋದೆ. ನನ್ನನ್ನು ತುಂತುರಲ್ಲಿ ನಿಲ್ಲಿಸಿಕೊಂಡೇ ಎಲ್ಲ ಕೇಳಿಸಿಕೊಂಡರು. ಒಳಗೆ ಹೋಗಿ ಮಂಚದ ಕೆಳಗಿನಿಂದ ಒಂದು ಡಬ್ಬಿ ತಂದರು. ನಿಮ್ಮ ಬಳ್ಳಿ ಕಾಲುವೆ ದಾಟಿ ಅವರ ಕಡೆ ಇಳಿಬಿಟ್ಟ ಕಾಯಿಗಳಲ್ಲಿ ಪ್ರತಿ ವರ್ಷ ಒಂದನ್ನು ಒಣಗಲು ಬಿಟ್ಟು, ಬೀಜ ತೆಗೆದಿಡುತ್ತಿದ್ದರಂತೆ. ನೀವೂ ಬಿತ್ತುತ್ತೀರಾ ದೊಡ್ಡತ್ತೆ ಎಂದು ಕೇಳಿದೆ. "ನನ್ನ ಕೈ ಬಿಸಿ, ನಾನು ಹಾಕಿದ್ರೆ ಹುಟ್ಟಲ್ಲ" ಎಂದರು. ಮತ್ತೆ ಯಾಕೆ ಇಟ್ಟಿರಿ ಎಂದೆ. ಡಬ್ಬಿಯ ಮುಚ್ಚಳ ತಿರುಗಿಸುತ್ತಾ, "ಯಾವತ್ತಾದ್ರೂ ಅವಳದ್ದು ಕೆಟ್ಟುಹೋದ್ರೆ ಬೇಕಾಗುತ್ತಲ್ಲ" ಎಂದರು. ಅದಕ್ಕೂ ಮೊದಲು ಕಾಲುವೆಯಾಚೆಯಿಂದ ನೀರು ಸುರಿಯಬೇಡ ಎಂದು ನನಗೆ ಬೈದವರೂ ಅವರೇ. ಈಗ ಬೆಳಗಾದರೆ ಸಸಿ ನೋಡುವ ನೆಪದಲ್ಲಿ ಕಾಲುವೆ ದಾಟಿ ಬಂದು ನಿಮ್ಮ ಮಣೆಯ ಮೇಲೆ ಕೂರುತ್ತಾರೆ. ಈ ಸಾಲು ಬರೆಯುವಾಗಲೂ ಇಲ್ಲೇ ಇದ್ದಾರೆ. ಯಾರಿಗೆ ಬರೀತಿದ್ದೀಯಾ ಎಂದರು, ಅತ್ತೆಮ್ಮನಿಗೆ ಎಂದೆ. ವಾಲಿದ್ದ ಒಂದು ದೊನ್ನೆಯನ್ನು ನೆಟ್ಟಗೆ ಇಟ್ಟು, "ಬಾ ಅಂತ ನಾನು ಹೇಳ್ದೆ ಅಂತ ಮಾತ್ರ ಬರೀಬೇಡ" ಎಂದರು.